ಜಮಾಬಂದಿಗೆ ಬಾರದ ಕಡತ

ಹಡಗಲಿ ಸೀಮೆಯ ಇಟ್ಟಿಗಿಯಂತಹ ಊರಿನಲ್ಲಿ ಗ್ರಾಮ ಪಂಚಾಯತಿಯ ಜಮಾಬಂದಿ ನಡೆಯುವ ದಿನ, ಕಚೇರಿಯ ಮುಂದೆ ಹಾಸಿದ ಜಮಖಾನೆಯ ಒಂದು ತುದಿಯಲ್ಲಿ ಕುಳಿತು ನೋಡಿದವರಿಗೆ, ಪ್ರಜಾಪ್ರಭುತ್ವವೆಂಬ ದೊಡ್ಡ ಮಾತಿನ ಅರ್ಥವು ಯಾವ ಗ್ರಂಥದ ಸಹಾಯವೂ ಇಲ್ಲದೆ ತಾನಾಗಿಯೇ ಮನಸ್ಸಿಗೆ ಇಳಿಯುತ್ತದೆ. ತಾಲೂಕಿನಿಂದ ಬಂದ ಅಧಿಕಾರಿಗಳು ನಗದು ಪುಸ್ತಕವನ್ನು ತೆರೆಯುತ್ತಾರೆ. ಪಿಡಿಒ ಅವರು ರಸೀದಿಗಳ ಕಟ್ಟನ್ನು ಬಿಚ್ಚುತ್ತಾರೆ. ಓಣಿಯ ಚರಂಡಿಗೆ ಇಷ್ಟು, ಬೀದಿ ದೀಪಕ್ಕೆ ಇಷ್ಟು, ಕೊಳವೆ ಬಾವಿಯ ಮೋಟಾರಿನ ದುರಸ್ತಿಗೆ ಇಷ್ಟು ಎಂದು ಓದುತ್ತ ಹೋದಂತೆ, ಹಿಂದಿನ ಸಾಲಿನಲ್ಲಿ ತಲೆಗೆ ರುಮಾಲು ಸುತ್ತಿಕೊಂಡು ಅದುವರೆಗೆ ಸುಮ್ಮನಿದ್ದ ರೈತನೊಬ್ಬನು ಮೊಣಕಾಲಿಗೆ ಕೈಯೂರಿ ಎದ್ದು ನಿಲ್ಲುತ್ತಾನೆ. “ಆ ಮೋಟ್ರು ರಿಪೇರಿ ಮಾಡ್ಸಿದ್ದು ಒಂದ್ಸಲ, ಬಿಲ್ಲು ಎರಡ್ಸಲ ಹಾಕೀರಲ್ರೀ ಸಾಹೇಬ್ರ, ಹೆಂಗಿದು?”

ಈ ಪ್ರಶ್ನೆಯಲ್ಲಿ ಒರಟುತನವಿರಬಹುದು, ಉತ್ತರದಲ್ಲಿ ನುಣುಚಿಕೊಳ್ಳುವ ಜಾಣ್ಮೆ ಇರಬಹುದು, ಸಭೆಯು ಗದ್ದಲದಲ್ಲಿಯೇ ಮುಗಿದುಹೋಗಲೂಬಹುದು. ಆದರೂ ಪ್ರಜೆಯಾದವನು ತನ್ನ ಹೆಸರಿನಲ್ಲಿ ಖರ್ಚಾದ ಹಣದ ಪುಸ್ತಕವನ್ನು ತನ್ನ ಕಣ್ಣೆದುರಿನಲ್ಲಿಯೇ ತೆರೆಯಿಸಿ, ಗಟ್ಟಿಯಾಗಿ ಓದಿಸಿ, ಲೆಕ್ಕ ಕೂಡದಿದ್ದಲ್ಲಿ ಕೇಳಬಹುದೆಂಬ ತತ್ತ್ವವನ್ನು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯೂ 2004ರ ಜಮಾಬಂದಿ ನಿಯಮಗಳೂ ಅಂಗೀಕರಿಸಿವೆ. ಮೋಟಾರಿನ ತಂತಿಗೆ ತಗುಲಿದ ಹಣದ ಲೆಕ್ಕವನ್ನು ಜನರ ಮುಂದೆ ಇಡಬೇಕಾದ ಇದೇ ಪ್ರಭುತ್ವವು, ಅದೇ ಜನರ ದೂರವಾಣಿಯ ಮಾತನ್ನು ತಾನು ಎಷ್ಟು ಸಲ, ಯಾವ ಕಾರಣಕ್ಕಾಗಿ, ಯಾರ ಅಪ್ಪಣೆಯಿಂದ ಕೇಳಿಸಿಕೊಂಡೆನೆಂಬ ಲೆಕ್ಕವನ್ನು ಮಾತ್ರ ಯಾವ ಜಮಾಬಂದಿಗೂ ತರುವುದಿಲ್ಲ. ಆ ಕಡತವು ಜನರ ಬಳಿಗೆ ಏಕೆ ಬರಬೇಕು, ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯ ಅನುಭವದಿಂದಲೇ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಹೆಬ್ಬೆಟ್ಟು ಮತ್ತು ಹಾಜರಿ

ಪ್ರಭುತ್ವವು ಪ್ರಜೆಗಳ ಮೇಲಿಡುವ ನಿಗಾ ನಮ್ಮ ಭಾಗಕ್ಕೆ ಕ್ಯಾಮೆರಾದೊಡನೆ ಬಂದ ಹೊಸ ಪದಾರ್ಥವಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲೂಕುಗಳನ್ನೊಳಗೊಂಡ ಈ ಪ್ರದೇಶವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸಿನ ಆಡಳಿತದಲ್ಲಿದ್ದಿತು. ಆ ಪ್ರಾಂತದಲ್ಲಿ ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ದವಸವನ್ನೂ ಹೇರಿಕೊಂಡು, ಕರಾವಳಿಗೂ ಒಳನಾಡಿಗೂ ನಡುವೆ ಅಲೆಯುತ್ತ ವ್ಯಾಪಾರ ಮಾಡಿ ಬದುಕುತ್ತಿದ್ದ ಕೊರಚ, ಕೊರವ ಮೊದಲಾದ ಜನಾಂಗಗಳಿದ್ದವು. ರೈಲು ಬಂದಿತು, ಸರಕು ರೈಲಿಗೆ ಹೋಯಿತು. ಸರ್ಕಾರದ ಉಪ್ಪಿನ ನೀತಿಯು ಅವರ ಮುಖ್ಯ ವ್ಯಾಪಾರವನ್ನು ಕಸಿದುಕೊಂಡಿತು. ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರವರೆಗಿನ ಘೋರ ಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹಿಂಡಿದಾಗ ಹೇರಿನ ದನಗಳೂ ಅಳಿದುಹೋದವು. ಹೀಗೆ ಕಸುಬನ್ನೂ ದನಕರುಗಳನ್ನೂ ಕಳೆದುಕೊಂಡು ಊರಿಂದೂರಿಗೆ ತಿರುಗುತ್ತಿದ್ದವರನ್ನು ಕಂಡ ಆಳರಸರು, ಇವರಿಗೆ ಬದುಕುವ ದಾರಿ ಯಾವುದೆಂದು ಕೇಳುವ ಬದಲು, ಇವರು ಯಾವಾಗ ಕದಿಯುವರೆಂದು ಕೇಳಲಾರಂಭಿಸಿದರು. 1892ರ ಹೊತ್ತಿಗೆ ಮದ್ರಾಸಿನ ಪೊಲೀಸ್ ಅಧಿಕಾರಿಯಾದ ಮುಲ್ಲಾಲಿಯು ಪ್ರಾಂತದ ‘ಅಪರಾಧಿ ವರ್ಗ’ಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದು, ಕುಲಕ್ಕೊಂದು ಅಧ್ಯಾಯವನ್ನಿಟ್ಟು, ಮನುಷ್ಯನ ಹುಟ್ಟನ್ನೇ ಅವನ ಮೇಲಿನ ಆರೋಪವನ್ನಾಗಿ ಮಾಡಿದ್ದನು.

ಈ ಭಾವನೆಗೆ ಕಾನೂನಿನ ಬಲವನ್ನು ಕೊಟ್ಟಿದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಕಾಯಿದೆಯು 1911ರಲ್ಲಿ ಹೊಸ ರೂಪವನ್ನು ತಾಳಿ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. 1924ರಲ್ಲಿ ಮತ್ತೊಮ್ಮೆ ಕ್ರೋಡೀಕೃತವಾಯಿತು. ಸರ್ಕಾರವು ಒಂದು ಜನಾಂಗವನ್ನು ಅಪರಾಧಿಯೆಂದು ಗೆಜೆಟ್ಟಿನಲ್ಲಿ ಘೋಷಿಸಿದರೆ ತೀರಿತು, ಆ ಜನಾಂಗದವರು ನೋಂದಣಿಯ ಪುಸ್ತಕದಲ್ಲಿ ಹೆಸರು ಬರೆಯಿಸಬೇಕು, ಬೆರಳಚ್ಚನ್ನು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಗೊತ್ತುಮಾಡಿದವರ ಮುಂದೆ ಹಾಜರಾಗಬೇಕು, ವಾಸಸ್ಥಳ ಬದಲಿಸಿದರೆ ತಿಳಿಸಬೇಕು.

ಈ ನಿಯಮಗಳು ಕಾಗದದ ಮೇಲೆ ಓದುವಾಗ ಒಣ ಅಕ್ಷರಗಳು. ಅವನ್ನು ಅನುಭವಿಸಿದವನ ಬದುಕಿನಲ್ಲಿ ಅವು ಏನಾಗಿದ್ದಿರಬೇಕೆಂಬುದನ್ನು ಒಂದು ಕ್ಷಣ ಹತ್ತಿರದಿಂದ ನೋಡಬೇಕು. ಹಗಲೆಲ್ಲ ಈಚಲ ಗರಿಯ ಬುಟ್ಟಿ, ಪೊರಕೆ ಹೆಣೆದು ಮಾರಿ ಬಂದವನು ಕೈ ತೊಳೆದು ರೊಟ್ಟಿಗೆ ಕೂಡುವ ಹೊತ್ತಿಗೆ ಹಾಜರಿಯ ಕರೆ ಬರುತ್ತದೆ. ಲಾಟೀನಿನ ಬೆಳಕಿನಲ್ಲಿ ಹೆಸರುಗಳನ್ನು ಕೂಗುತ್ತಾರೆ. ಹೂಂಗುಟ್ಟಿದವನು ಬದುಕಿದನು, ಹೂಂಗುಟ್ಟದವನ ಹೆಸರಿನ ಮುಂದೆ ಒಂದು ಗೀಟು ಬೀಳುತ್ತದೆ. ಆ ಗೀಟಿಗೆ ಜ್ವರ ತಿಳಿಯದು, ಪಕ್ಕದೂರಿನಲ್ಲಿ ತೀರಿಕೊಂಡ ತಂಗಿಯ ಮಣ್ಣು ತಿಳಿಯದು. ಮಗನಿಗೆ ಮೀಸೆ ಚಿಗುರಿದಾಗ ತಂದೆಯು ಹಿಡಿದುಕೊಂಡು ಹೋಗಬೇಕಾದದ್ದು ಅದೇ ಪುಸ್ತಕದ ಬಳಿಗೆ. ಒಂದು ಕಾಸನ್ನೂ ಕದಿಯದ ಆ ಎಳೆಯ ಬೆರಳು ಮಸಿಯ ಹಲಗೆಯ ಮೇಲೆ ಹೊರಳಿ ಕಾಗದದ ಮೇಲೆ ಒತ್ತಿದ ಕ್ಷಣದಿಂದ ಅವನೂ ಸರ್ಕಾರದ ದಫ್ತರಿನಲ್ಲಿ ಕಳ್ಳ. ತುಂಗಭದ್ರೆಯ ಆಚೆಯ ಮುಂಬಯಿ ಪ್ರಾಂತದಲ್ಲಿ, ಗದಗದಲ್ಲಿಯೂ ಹುಬ್ಬಳ್ಳಿಯಲ್ಲಿಯೂ, ಇಂತಹ ಕುಟುಂಬಗಳನ್ನು ಬೇಲಿಯೊಳಗಿನ ವಸತಿಗಳಲ್ಲಿಯೇ ಇರಿಸಿದರು. ಆ ವಸತಿಗಳಿದ್ದ ಜಾಗಕ್ಕೆ ಜನರ ಬಾಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರೇ ಉಳಿದಿದೆ.

ಆದರೆ ನಾನು ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬಯಸುವುದು ಹಾಜರಿಯ ಕಡೆಗಲ್ಲ, ಬೆರಳಚ್ಚಿನ ಕಡೆಗೂ ಅಲ್ಲ. 1871ರ ಕಾಯಿದೆಯಲ್ಲಿ ಒಂದು ಪುಟ್ಟ ವಿಧಿಯಿದ್ದಿತು: ಸರ್ಕಾರವು ಹೊರಡಿಸಿದ ಘೋಷಣೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸತಕ್ಕದ್ದಲ್ಲ. ಅನ್ಯಾಯದ ಮೂಲವಿರುವುದು ಇಲ್ಲಿ. ಕಳ್ಳರ ಮೇಲೆ ಕಣ್ಣಿಡುವುದು ರಾಜಧರ್ಮವೇ ಸರಿ. ಯಾರ ಮೇಲೆ ಕಣ್ಣಿಟ್ಟಿದ್ದೀರಿ, ಏಕೆ ಇಟ್ಟಿದ್ದೀರಿ, ಇಟ್ಟದ್ದರಿಂದ ಏನು ಸಿಕ್ಕಿತು ಎಂದು ಕೇಳುವ ಮೂರನೆಯವನೊಬ್ಬನನ್ನು ಇಲ್ಲವಾಗಿಸಿದ್ದು ಅಧರ್ಮ. ಆ ಮೂರನೆಯವನು ಇಲ್ಲದಿದ್ದುದರಿಂದಲೇ, ಒಂದು ಶಂಕೆಯಿಂದ ಹುಟ್ಟಿದ ಪುಸ್ತಕವು ಮೂರು ತಲೆಮಾರುಗಳ ಹಣೆಬರಹವಾಯಿತು. ಮದ್ರಾಸ್ ಪ್ರಾಂತವು 1947ರಲ್ಲಿ ಈ ಕಾಯಿದೆಯನ್ನು ರದ್ದುಗೊಳಿಸಿತು. ಇಡೀ ದೇಶದಲ್ಲಿ ಅದು ಅಳಿದುದು 1952ರ ಆಗಸ್ಟ್ 31ರಂದು. ಸ್ವತಂತ್ರ ಭಾರತದ ಪ್ರಜೆಗಳಾದ ಮೇಲೂ ಐದು ವರ್ಷ ಕಾಯ್ದ ಬಳಿಕ ಆ ಜನರು ‘ವಿಮುಕ್ತ’ರೆನಿಸಿದರು.

ಬಾಗಿಲು ತಟ್ಟಿದ ಚೌಕೀದಾರ

ಕಾಯಿದೆ ಅಳಿದರೂ ಪುಸ್ತಕ ಅಳಿಯಲಿಲ್ಲ. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬವನನ್ನು 1941ರಲ್ಲಿ ಡಕಾಯಿತಿಯ ಆಪಾದನೆಯ ಮೇಲೆ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟರು. ಬಿಟ್ಟ ಮೇಲೆ ಅವನ ಹೆಸರಿನಲ್ಲಿ ಠಾಣೆಯಲ್ಲಿ ಒಂದು ಚರಿತ್ರೆಯ ಹಾಳೆಯನ್ನು ತೆರೆದರು. ಅಂದಿನಿಂದ ಚೌಕೀದಾರನು ಅಪರಾತ್ರಿಯಲ್ಲಿ ಬಂದು ಬಾಗಿಲು ತಟ್ಟಿ ಎಬ್ಬಿಸುವುದು, ಮನೆಯಲ್ಲಿದ್ದಾನೆಯೇ ಎಂದು ನೋಡಿಹೋಗುವುದು, ಊರು ಬಿಟ್ಟು ಹೊರಟರೆ ಎಲ್ಲಿಗೆಂದು ಹೇಳಿಸಿಕೊಳ್ಳುವುದು ನಡೆದೇ ಇದ್ದಿತು. ಅವನು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದನು. 1962ರ ಡಿಸೆಂಬರ್ 18ರಂದು ಬಂದ ತೀರ್ಪು ರಾತ್ರಿಯ ಮನೆಭೇಟಿಯನ್ನು ಅಸಿಂಧುವೆಂದಿತಾದರೂ, ಖಾಸಗಿತನವೆಂಬುದು ಸಂವಿಧಾನವು ಕೊಟ್ಟ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾಯರು ಮಾತ್ರ ನ್ಯಾಯಮೂರ್ತಿ ಷಾ ಅವರೊಡನೆ ಭಿನ್ನಮತವನ್ನು ಬರೆದು, ನೆರಳಿನಂತೆ ಹಿಂಬಾಲಿಸುವ ಕಣ್ಣಿನ ಎದುರಿನಲ್ಲಿ ಮನುಷ್ಯನ ಚಲನವಲನಗಳು ಸ್ವತಂತ್ರವಾಗಿರಲಾರವೆಂಬ ವಿಚಾರವನ್ನು ಮುಂದಿಟ್ಟರು.

ಆ ಭಿನ್ನಮತವು ನ್ಯಾಯವಾಗಿ ಪರಿಣಮಿಸಲು ಐವತ್ತೈದು ವರ್ಷಗಳು ಬೇಕಾದವು. ಅದಕ್ಕೆ ನಿಮಿತ್ತರಾದವರು ನಮ್ಮ ರಾಜ್ಯದ ಹಿರಿಯರೊಬ್ಬರು ಎಂಬುದು ಕನ್ನಡಿಗರೆಲ್ಲರೂ ನೆನೆಯಬೇಕಾದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಇತರರಾಗಿದ್ದರೆ ಮೊಮ್ಮಕ್ಕಳೊಡನೆ ಕಾಲ ಕಳೆಯುವ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ, ಖಾಸಗಿತನವು ಜೀವಿಸುವ ಹಕ್ಕಿನಿಂದ ಬೇರ್ಪಡಿಸಲಾಗದ ಮೂಲಭೂತ ಹಕ್ಕೆಂದು ಸಾರಿ, ಖಡಕ್ ಸಿಂಗ್ ತೀರ್ಪಿನ ಆ ಭಾಗವನ್ನು ತೆಗೆದುಹಾಕಿತು. ಪ್ರಭುತ್ವವು ಪ್ರಜೆಯ ಖಾಸಗಿ ಬದುಕನ್ನು ಪ್ರವೇಶಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಅಗತ್ಯವಾದಷ್ಟು ಮಾತ್ರ ಪ್ರವೇಶಿಸಬೇಕು ಎಂಬ ಅಳತೆಗೋಲೂ ದೊರೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಕೈಗೆ ಕೋಲು ಬಂದ ಮಾತ್ರಕ್ಕೆ ಅಳತೆಯಾದಂತಾಗಲಿಲ್ಲ; ಅಳೆಯುವವರು ಯಾರೆಂಬ ಪ್ರಶ್ನೆಯು ಹಾಗೆಯೇ ಉಳಿದಿದೆ.

ಮೂರು ಸಲ ಹೊರಬಿದ್ದ ಗುಟ್ಟು

ದೂರವಾಣಿಯ ಕದ್ದಾಲಿಕೆಯ ವಿಷಯದಲ್ಲಿ ಕರ್ನಾಟಕದ ಅನುಭವವು ಬೇರೆ ಯಾವ ರಾಜ್ಯಕ್ಕಿಂತಲೂ ಕಡಿಮೆಯಾದುದಲ್ಲ. ಮೌಲ್ಯಾಧಾರಿತ ರಾಜಕಾರಣದ ಮಾತಿನಿಂದ ದೇಶದ ಗಮನವನ್ನು ಸೆಳೆದಿದ್ದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು, ತಮ್ಮ ಆಡಳಿತದಲ್ಲಿ ರಾಜಕಾರಣಿಗಳೇ ಮೊದಲಾದವರ ದೂರವಾಣಿಗಳನ್ನು ಕದ್ದು ಕೇಳಲಾಯಿತೆಂಬ ಆರೋಪವು ಎದ್ದಾಗ, 1988ರ ಆಗಸ್ಟ್ 10ರಂದು ಅಧಿಕಾರವನ್ನು ತ್ಯಜಿಸಿದರು. 2019ರ ಆಗಸ್ಟ್ ತಿಂಗಳಲ್ಲಿ, ಸಮ್ಮಿಶ್ರ ಸರ್ಕಾರವು ಬಿದ್ದು ಹೊಸ ಸರ್ಕಾರವು ಬಂದ ಕೂಡಲೆ, ಹಿಂದಿನ ಅವಧಿಯಲ್ಲಿ ನಡೆಯಿತೆನ್ನಲಾದ ಕದ್ದಾಲಿಕೆಯ ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಇಸ್ರೇಲಿನ ಬೇಹು ತಂತ್ರಾಂಶದ ಸುದ್ದಿಯು ಜಗತ್ತಿನ ಹಲವು ಪತ್ರಿಕೆಗಳಲ್ಲಿ ಒಟ್ಟಿಗೆ ಪ್ರಕಟವಾದಾಗ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರರ ಸಂಖ್ಯೆಯೂ, ಹೆಚ್. ಡಿ. ಕುಮಾರಸ್ವಾಮಿ ಹಾಗೂ ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಗುರಿಯಾಗಿರಬಹುದಾದವರ ಪಟ್ಟಿಯಲ್ಲಿದ್ದವೆಂದು ವರದಿಯಾಯಿತು. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರ್ 27ರಂದು ನೇಮಿಸಿದ ತಾಂತ್ರಿಕ ಸಮಿತಿಯ ಮೇಲ್ವಿಚಾರಣೆಯನ್ನು ವಹಿಸಿಕೊಂಡವರು ಕರ್ನಾಟಕ ಉಚ್ಚ ನ್ಯಾಯಾಲಯದಿಂದಲೇ ಮೇಲೆ ಬಂದ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಪರೀಕ್ಷೆಗೆ ಬಂದ 29 ಫೋನುಗಳಲ್ಲಿ ಐದರಲ್ಲಿ ಹಾನಿಕಾರಕ ತಂತ್ರಾಂಶವು ಕಂಡಿತೆಂದೂ, ಅದು ಪೆಗಾಸಸ್ಸೇ ಎಂದು ನಿಶ್ಚಯಿಸಲು ಆಗಲಿಲ್ಲವೆಂದೂ, ಕೇಂದ್ರ ಸರ್ಕಾರವು ಸಮಿತಿಗೆ ಸಹಕರಿಸಲಿಲ್ಲವೆಂದೂ 2022ರ ಆಗಸ್ಟಿನಲ್ಲಿ ನ್ಯಾಯಾಲಯದಲ್ಲಿಯೇ ತಿಳಿದುಬಂದಿತು.

ಈ ಮೂರು ಪ್ರಸಂಗಗಳಲ್ಲಿ ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬ ವಿವಾದಕ್ಕೆ ನಾನು ಇಳಿಯುವುದಿಲ್ಲ. ಮೂರಕ್ಕೂ ಸಮಾನವಾದ ಒಂದು ಲಕ್ಷಣವನ್ನು ಮಾತ್ರ ಎತ್ತಿ ತೋರಿಸುತ್ತೇನೆ. ಮೊದಲನೆಯದು ರಾಜಕೀಯ ವೈರದಿಂದ ಹೊರಬಿತ್ತು. ಎರಡನೆಯದು ಕುರ್ಚಿಯು ಕೈ ಬದಲಾಯಿಸಿದ್ದರಿಂದ ಹೊರಬಿತ್ತು. ಮೂರನೆಯದು ಹಲವು ದೇಶಗಳ ಪತ್ರಕರ್ತರ ಶ್ರಮದಿಂದ ಹೊರಬಿತ್ತು. ಒಂದು ಸಲವಾದರೂ, ನಿಗಾ ಇಡುವ ವ್ಯವಸ್ಥೆಯನ್ನು ಪರಿಶೀಲಿಸುವುದಕ್ಕೆಂದೇ ಇರುವ ಒಂದು ಸಂಸ್ಥೆಯು ತನ್ನ ಕರ್ತವ್ಯವನ್ನು ಮಾಡಿ ತಪ್ಪನ್ನು ಜನರ ಮುಂದಿಟ್ಟದ್ದಿಲ್ಲ. ಮುಖ್ಯಮಂತ್ರಿಗಳ, ಮಂತ್ರಿಗಳ ಪಾಡೇ ಇದಾದರೆ, ಕೊಟ್ಟೂರಿನ ಸಂತೆಯಲ್ಲಿ ಶೇಂಗಾ ಮಾರುವವನ, ಹಗರಿಬೊಮ್ಮನಹಳ್ಳಿಯ ಶಾಲಾಮಾಸ್ತರನ ಪರವಾಗಿ ಕಡತವನ್ನು ತೆರೆಸುವವರು ಯಾರು? ಅವರ ಮಾತನ್ನು ಯಾರಾದರೂ ಕೇಳಿಸಿಕೊಂಡಿದ್ದರೂ ಅದು ಅವರಿಗೆ ಜನ್ಮದಲ್ಲಿ ತಿಳಿಯುವ ಸಂಭವವಿಲ್ಲ.

ಎರಡು ಸೆಕೆಂಡಿನ ಪರಿಶೀಲನೆ

ಪರಿಶೀಲನೆಯ ವ್ಯವಸ್ಥೆಯೇ ಇಲ್ಲವೆಂದು ಹೇಳಿದರೆ ಅಸತ್ಯವಾದೀತು. 1885ರ ಟೆಲಿಗ್ರಾಫ್ ಕಾಯಿದೆಯ ಐದನೆಯ ಪ್ರಕರಣವು, ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಮಾತ್ರ ಸಂದೇಶವನ್ನು ತಡೆದು ನೋಡಲು ಅವಕಾಶವನ್ನಿತ್ತಿದ್ದಿತು; ಆದರೆ ಆ ಅಧಿಕಾರವನ್ನು ಹೇಗೆ ಚಲಾಯಿಸಬೇಕೆಂಬ ನಿಯಮವು ಒಂದು ಶತಮಾನ ಕಳೆದರೂ ಹುಟ್ಟಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ದಾವೆಯಲ್ಲಿ 1996ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು, ಗೃಹ ಕಾರ್ಯದರ್ಶಿಯ ಲಿಖಿತ ಆದೇಶವಿಲ್ಲದೆ ಕದ್ದಾಲಿಸಕೂಡದು, ಆದೇಶಕ್ಕೆ ಅವಧಿ ಇರಬೇಕು, ಮೂವರು ಉನ್ನತಾಧಿಕಾರಿಗಳ ಸಮಿತಿಯು ಪ್ರತಿಯೊಂದು ಆದೇಶವನ್ನೂ ಪರಿಶೀಲಿಸಬೇಕು ಎಂದು ವಿಧಿಸಿತು. ಇದೇ ಕಟ್ಟಳೆಯು 2007ರ ನಿಯಮಗಳಲ್ಲಿ ಸೇರಿತು. 2023ರ ದೂರಸಂಪರ್ಕ ಕಾಯಿದೆಯೂ 2024ರ ಡಿಸೆಂಬರಿನ ಹೊಸ ನಿಯಮಗಳೂ ಬಂದ ಬಳಿಕವೂ ಚೌಕಟ್ಟು ಬದಲಾಗಿಲ್ಲ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಆ ಸಮಿತಿಯ ಅಧ್ಯಕ್ಷರು, ಉಳಿದಿಬ್ಬರೂ ಕಾರ್ಯದರ್ಶಿಗಳೇ.

ಈಗ ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡೋಣ. ಬೆಂಗಳೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು ದತ್ತಾಂಶ ರಕ್ಷಣೆಯನ್ನು ಕುರಿತು 2018ರಲ್ಲಿ ಸಲ್ಲಿಸಿದ ವರದಿಯಲ್ಲಿ, ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿಯ ಮುಂದೆ ಪ್ರತಿಯೊಂದು ಸಭೆಯಲ್ಲಿಯೂ 15,000ದಿಂದ 18,000 ಆದೇಶಗಳು ಬರುತ್ತವೆಂದೂ, ಅವನ್ನೆಲ್ಲ ಪರಿಶೀಲಿಸುವುದು ಆಗದ ಮಾತೆಂದೂ ಹೇಳಿತು. ಸಮಿತಿಯ ಮೂವರು ಸದಸ್ಯರು ಊಟ ನೀರು ಬಿಟ್ಟು ಎಂಟು ಗಂಟೆಗಳ ಕಾಲ ಕುಳಿತರೂ, ಒಂದೊಂದು ಆದೇಶಕ್ಕೆ ಎರಡು ಸೆಕೆಂಡಿನಷ್ಟು ಕಾಲವೂ ದೊರೆಯದು. ಕಡತದ ದಾರವನ್ನು ಬಿಚ್ಚುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಟ್ಟಿಗಿಯ ರೈತನು ಮೋಟಾರಿನ ಒಂದು ಬಿಲ್ಲಿನ ಮೇಲೆ ಅರ್ಧ ಗಂಟೆ ವಾದಿಸಬಲ್ಲನು; ಒಬ್ಬ ಪ್ರಜೆಯ ಹೆಂಡತಿ ಮಕ್ಕಳೊಡನೆಯ ಮಾತನ್ನು, ವೈದ್ಯರೊಡನೆಯ ಮಾತನ್ನು, ವಕೀಲರೊಡನೆಯ ಮಾತನ್ನು ಎರಡು ತಿಂಗಳ ಕಾಲ ಕೇಳಲು ಅಪ್ಪಣೆ ಕೊಡುವ ಕಾಗದಕ್ಕೆ ಎರಡು ಸೆಕೆಂಡು.

ಅದಕ್ಕಿಂತಲೂ ಮೂಲಭೂತವಾದ ದೋಷವು ಬೇರೆ ಇದೆ. ಆದೇಶವನ್ನು ಕೊಡುವ ಗೃಹ ಕಾರ್ಯದರ್ಶಿಯೂ, ಅದನ್ನು ಪರಿಶೀಲಿಸುವ ಮುಖ್ಯ ಕಾರ್ಯದರ್ಶಿಯೂ, ಆದೇಶದಿಂದ ಪ್ರಯೋಜನ ಪಡೆಯುವ ಪೊಲೀಸ್ ಇಲಾಖೆಯೂ ಒಂದೇ ಸರ್ಕಾರದ ಅಂಗಗಳು. ಅಧಿಕಾರಿಗಳು ಎಷ್ಟೇ ಪ್ರಾಮಾಣಿಕರಾಗಿರಲಿ, ಪರೀಕ್ಷೆ ಬರೆದವನ ಕೈಗೇ ಅವನ ಉತ್ತರ ಪತ್ರಿಕೆಯನ್ನು ತಿದ್ದಲು ಕೊಡುವ ಪದ್ಧತಿಯು ಯಾವ ಶಾಲೆಯಲ್ಲಿಯೂ ಇಲ್ಲ. ಕೌಟಿಲ್ಯನು ಕೂಡ ಒಬ್ಬ ಗೂಢಚಾರನ ಮಾತನ್ನು ನಂಬಲಿಲ್ಲ. ಪರಸ್ಪರ ಅರಿಯದ ಮೂವರ ವರದಿಗಳು ಹೊಂದಿಕೊಂಡಾಗ ಮಾತ್ರ ಅದನ್ನು ಸತ್ಯವೆಂದು ಎಣಿಸಬೇಕೆಂದನು. ರಾಜನ ಹಿತಕ್ಕಾಗಿ ಆ ಕಾಲದಲ್ಲಿ ಅಷ್ಟು ಎಚ್ಚರಿಕೆ ಇದ್ದರೆ, ಪ್ರಜೆಯೇ ಪ್ರಭುವಾದ ಕಾಲದಲ್ಲಿ ಪ್ರಜೆಯ ಹಿತಕ್ಕಾಗಿ ಅದರ ಅರ್ಧದಷ್ಟಾದರೂ ಬೇಡವೇ?

ತಪ್ಪಿಲ್ಲದವನಿಗೆ ಭಯವೇಕೆ?

ಇಲ್ಲಿ ಒಂದು ಆಕ್ಷೇಪವು ಎದ್ದೇ ಏಳುತ್ತದೆ. ಅದನ್ನು ಹೇಳುವವರು ಕೆಟ್ಟವರಲ್ಲ, ನಮ್ಮ ನಿಮ್ಮಂತಹ ಸಜ್ಜನರೇ. ಮೈಲಾರದ ಕಾರ್ಣಿಕಕ್ಕೂ ಕೊಟ್ಟೂರಿನ ತೇರಿಗೂ ಲಕ್ಷಾಂತರ ಜನ ಸೇರುತ್ತಾರೆ. ಆ ಜನಸಾಗರದಲ್ಲಿ ತಾಯಿಯ ಕೈ ಬಿಟ್ಟ ಮಗುವನ್ನು ಹುಡುಕಲು, ಮುದುಕಿಯ ಕೊರಳ ಸರವನ್ನು ಕಿತ್ತವನನ್ನು ಗುರುತಿಸಲು ಕ್ಯಾಮೆರಾ ನೆರವಾದರೆ ಅದನ್ನು ಬೇಡವೆನ್ನುವ ಹೃದಯಹೀನರು ಯಾರು? ಬಾಂಬನ್ನು ಹೊತ್ತು ತರುವವನ ಫೋನನ್ನು ಕೇಳದಿದ್ದರೆ ನೂರಾರು ಜೀವಗಳ ಹೊಣೆ ಯಾರದು? ತಪ್ಪು ಮಾಡದವನಿಗೆ ಭಯವೇತಕ್ಕೆ?

ಮೊದಲಿನ ಎರಡು ಪ್ರಶ್ನೆಗಳನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು ಮೂವತ್ತು ದಿನಗಳ ಚಿತ್ರಗಳನ್ನು ಕಾದಿರಿಸಬೇಕೆಂದು ವಿಧಿಸುವ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಗೆ ತನ್ನದೇ ಆದ ಸಕಾರಣವಿದೆ. ನಿಗಾ ಬೇಡವೆನ್ನುವುದು ನನ್ನ ವಾದವಲ್ಲ. ಲೆಕ್ಕವಿಲ್ಲದ ನಿಗಾ ಬೇಡವೆನ್ನುವುದು ನನ್ನ ವಾದ. ಆದರೆ ಮೂರನೆಯ ಪ್ರಶ್ನೆಗೆ, ಎಂದರೆ ತಪ್ಪಿಲ್ಲದವನಿಗೆ ಭಯವೇಕೆ ಎಂಬುದಕ್ಕೆ, ಈ ಸೀಮೆಯ ಕೊರಚರ ಹುಡುಗನ ಹೆಬ್ಬೆಟ್ಟೇ ಉತ್ತರ. ಅವನು ಏನು ತಪ್ಪು ಮಾಡಿದ್ದನು? ತಪ್ಪು ಯಾವುದೆಂದು ನಿರ್ಧರಿಸುವವರು, ಪುಸ್ತಕದಲ್ಲಿ ಹೆಸರನ್ನು ಬರೆಯುವವರು, ಬರೆದದ್ದು ಸರಿಯೆಂದು ಮೊಹರು ಹಾಕುವವರು ಒಬ್ಬರೇ ಆದಾಗ ನಿರಪರಾಧಿತ್ವವೆಂಬುದು ಯಾರಿಗೂ ರಕ್ಷೆಯಾಗಲಾರದು.

ಇದು ಗತಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯೆಯ ಗುರುತಿಸುವಿಕೆ ಕಾಯಿದೆಯು ಬೆರಳಚ್ಚಿನ ಜೊತೆಗೆ ಕಣ್ಣಪಾಪೆಯ ಗುರುತೇ ಮೊದಲಾದವನ್ನೂ ಸಂಗ್ರಹಿಸಿ 75 ವರ್ಷಗಳ ಕಾಲ ಇಟ್ಟುಕೊಳ್ಳಲು ಅವಕಾಶ ಮಾಡಿದೆ. ನಮ್ಮ ಖಾಸಗಿ ಮಾಹಿತಿಯನ್ನು ಕಾಪಾಡಲೆಂದೇ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಹ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತನಗೆ ಬೇಕಾದ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಅದರ ಕಟ್ಟಳೆಗಳಿಂದ ಹೊರಗಿಡಬಹುದೆಂದು ಹೇಳುತ್ತದೆ. ಅಂಗಡಿಯವನು ನಮ್ಮ ಮೊಬೈಲ್ ಸಂಖ್ಯೆಯನ್ನು ದುರುಪಯೋಗಪಡಿಸಿದರೆ ದಂಡ. ಹೊರಗಿಡಲ್ಪಟ್ಟ ಇಲಾಖೆಯನ್ನು ಕೇಳುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ನಮ್ಮ ಹಳ್ಳಿಯ ಗಾದೆಯು ಹುಟ್ಟಿದ್ದು ಇಂತಹ ಸ್ಥಿತಿಯನ್ನು ಕಂಡೇ ಇರಬೇಕು.

ಯಾವ ಲೆಕ್ಕವನ್ನು ಕೇಳಬೇಕು?

ಹಾಗಾದರೆ ಮಾಡತಕ್ಕದ್ದೇನು? ಗುಪ್ತಚರರ ಹೆಸರುಗಳನ್ನು ಚಾವಡಿಯಲ್ಲಿ ಓದಬೇಕೆಂದು ಯಾರೂ ಕೇಳುವುದಿಲ್ಲ. ಬೇಕಾದದ್ದು ನಾಲ್ಕು ಸಾಧಾರಣ ಏರ್ಪಾಡುಗಳು. ಇವುಗಳಿಗೆ ಹೊರಗಿನ ದೇಶಗಳಲ್ಲಿ ನಿದರ್ಶನಗಳೂ ಇವೆ. ಒಂದನೆಯದು, ಕದ್ದಾಲಿಕೆಯ ಆದೇಶಕ್ಕೆ ಸರ್ಕಾರದ ಹೊರಗಿನವರಾದ ನ್ಯಾಯಾಧೀಶರೊಬ್ಬರ ಒಪ್ಪಿಗೆಯು ಇರಬೇಕು. ಬ್ರಿಟನ್ನಿನ 2016ರ ಕಾನೂನಿನ ಪ್ರಕಾರ ಮಂತ್ರಿಯು ಸಹಿ ಮಾಡಿದ ಮೇಲೂ ನ್ಯಾಯಿಕ ಆಯುಕ್ತರು ಒಪ್ಪದೆ ಆದೇಶವು ಸಾಮಾನ್ಯವಾಗಿ ಜಾರಿಯಾಗದು. ಎರಡನೆಯದು, ವರ್ಷಕ್ಕೊಮ್ಮೆ ಆದೇಶಗಳ ಸಂಖ್ಯೆಯನ್ನಾದರೂ ಶಾಸನಸಭೆಯ ಮುಂದಿಡಬೇಕು. ಅಮೆರಿಕದಲ್ಲಿ ಅಪರಾಧ ತನಿಖೆಗಾಗಿ ನಡೆಯುವ ಕದ್ದಾಲಿಕೆಯ ಅಂಕಿಅಂಶಗಳನ್ನು ನ್ಯಾಯಾಲಯಗಳ ಆಡಳಿತ ಕಚೇರಿಯು ವರ್ಷವರ್ಷವೂ ಪ್ರಕಟಿಸುತ್ತದೆ, ಅದರಿಂದ ಆ ದೇಶದ ಪೊಲೀಸರ ಕೈ ಕಟ್ಟಿಹೋಗಿಲ್ಲ. ಮೂರನೆಯದು, ತನಿಖೆಯು ಮುಗಿದು ಗುಟ್ಟಿನ ಅಗತ್ಯವು ತೀರಿದ ಮೇಲೆ, ನಿಗಾಕ್ಕೆ ಒಳಗಾದವನಿಗೆ ಆ ಸಂಗತಿಯನ್ನು ತಿಳಿಸಬೇಕು. ಜರ್ಮನಿಯ ಕಾನೂನಿನಲ್ಲಿ ಇಂತಹ ತಿಳಿವಳಿಕೆಯ ಕರ್ತವ್ಯವಿದೆ. ನಾಲ್ಕನೆಯದು, ಠಾಣೆಯಲ್ಲಿರುವ ರೌಡಿಪಟ್ಟಿ ಹಾಗೂ ಚರಿತ್ರೆಯ ಹಾಳೆಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ, ಕಾರಣವಿಲ್ಲದೆ ಸೇರಿದ ಹೆಸರುಗಳನ್ನು ತೆಗೆಯಬೇಕು. ಈ ಕೊನೆಯದನ್ನು ಸರ್ವೋಚ್ಚ ನ್ಯಾಯಾಲಯವೇ 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಹೇಳಿ, ಹಿಂದುಳಿದ ಹಾಗೂ ಶೋಷಿತ ಸಮುದಾಯಗಳ ನಿರಪರಾಧಿಗಳ ಹೆಸರುಗಳು ಯಾಂತ್ರಿಕವಾಗಿ ಇಂತಹ ಹಾಳೆಗಳನ್ನು ಸೇರದಂತೆ ನೋಡಿಕೊಳ್ಳಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಹೆಬ್ಬೆಟ್ಟಿನ ಪುಸ್ತಕದ ನೆರಳು ಇನ್ನೂ ಠಾಣೆಯ ಕಪಾಟಿನಿಂದ ತೊಲಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಜನರ ಮೇಲ್ವಿಚಾರಣೆಯು ಆಗದ ಹೋಗದ ಕನಸೆಂದು ಹೇಳುವವರಿಗೆ ಇನ್ನೊಂದು ತೀರ್ಪನ್ನು ತೋರಿಸಬೇಕು. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಎಲ್ಲ ಪೊಲೀಸ್ ಠಾಣೆಗಳ ಒಳಗೂ, ಹೆಬ್ಬಾಗಿಲಿನಿಂದ ಹಿಡಿದು ಲಾಕಪ್ಪಿನವರೆಗೆ, ದೃಶ್ಯವನ್ನೂ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾಗಳಿರಬೇಕು, ದಾಖಲೆಯು ಹದಿನೆಂಟು ತಿಂಗಳು ಉಳಿಯಬೇಕು ಎಂದು ಆಜ್ಞಾಪಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ, ಆ ಕ್ಯಾಮೆರಾಗಳನ್ನು ನೋಡಿಕೊಳ್ಳಲು ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿಯಿರಬೇಕು, ಅದರಲ್ಲಿ ಕಂದಾಯ ವಿಭಾಗದ ಆಯುಕ್ತರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿಗಳೊಡನೆ ಜನರಿಂದ ಆರಿಸಿ ಬಂದವರೂ ಒಬ್ಬರಿರಬೇಕು, ಗ್ರಾಮಾಂತರದಲ್ಲಿ ಆ ಸ್ಥಾನವು ಜಿಲ್ಲಾ ಪಂಚಾಯತಿಯ ಮುಖ್ಯಸ್ಥರದು ಎಂದಿತು. ಪ್ರಜೆಯ ಕಡೆಗೇ ತಿರುಗಿದ್ದ ಕಣ್ಣನ್ನು ಕಾಯುವವರ ಕಡೆಗೂ ತಿರುಗಿಸಿ, ಅದರ ಪಕ್ಕದಲ್ಲಿ ಪ್ರಜೆಯ ಪ್ರತಿನಿಧಿಗೊಂದು ಕುರ್ಚಿಯನ್ನು ಹಾಕಿದ ತೀರ್ಪಿದು. ಇದೇ ಬಗೆಯ ಕುರ್ಚಿಯನ್ನು ದೂರವಾಣಿಯ ಕಡತದ ಪಕ್ಕದಲ್ಲಿಯೂ ಹಾಕಲು ಬಾರದೆನ್ನುವುದಕ್ಕೆ ಕಾರಣವೇ ಇಲ್ಲ.

ಆದುದರಿಂದ ಈ ಸೀಮೆಯ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ನೀರು, ಬೆಳೆವಿಮೆಗಳನ್ನು ಕೇಳಿದ ಮೇಲೆ ಇದೊಂದನ್ನೂ ಕೇಳಿರಿ: ಕಳೆದ ವರ್ಷ ನಮ್ಮ ರಾಜ್ಯ ಸರ್ಕಾರವು ಎಷ್ಟು ಮಂದಿಯ ಫೋನುಗಳನ್ನು ಕೇಳಿಸಿಕೊಂಡಿತು? ಹೆಸರು ಬೇಡ, ಸಂಖ್ಯೆ ಸಾಕು. ಅದನ್ನು ವಿಧಾನಸಭೆಯಲ್ಲಿ ಕೇಳಿ ಉತ್ತರ ತನ್ನಿರಿ. ಮತ್ತು ಜಿಲ್ಲಾ ಪಂಚಾಯತಿಯ ಚುನಾವಣೆಯ ವಿಷಯವನ್ನೂ ಮರೆಯದಿರಿ. ಈ ಸೀಮೆಯನ್ನೊಳಗೊಂಡ ವಿಜಯನಗರ ಜಿಲ್ಲೆಯು ಹುಟ್ಟಿದ್ದು 2021ರಲ್ಲಿ. ರಾಜ್ಯದ ಜಿಲ್ಲಾ ಪಂಚಾಯತಿಗಳ ಅವಧಿಯು ಮುಗಿದದ್ದೂ ಅದೇ ವರ್ಷ. ಆ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾಯುವವರನ್ನು ಕಾಯಲೆಂದು ನ್ಯಾಯಾಲಯವು ಜನರ ಪ್ರತಿನಿಧಿಗೆ ಹಾಕಿಕೊಟ್ಟ ಆ ಕುರ್ಚಿಯಲ್ಲಿ, ಅಷ್ಟು ವರ್ಷವೂ, ಜಿಲ್ಲಾ ಪಂಚಾಯತಿಗೆ ಜನರು ಆರಿಸಿ ಕಳುಹಿಸಿದವರು ಯಾರೂ ಕುಳಿತಿರಲಿಲ್ಲ.